ಬ್ಲಾಗೋಯನ ಶೆಡ್ಡಿನಲ್ಲಿ

ಪಟ್ಟಿ ಬರೆದದ್ದು ಲ್ಯಾಬಿನ ಹಳೇ ಚೀಟಿಯ ಬೆನ್ನಿಗೆ,
ನಸುಕಿನ ಮೂರಕ್ಕೆ, ರಕ್ತದ ನಳಿಕೆಗಳು
ಗಿರಗಿರ ತಿರುಗಿ ನಿಲ್ಲುವಷ್ಟರ ಬಿಡುವಿನಲ್ಲಿ:
ದೊಡ್ಡ ಇಂಟರ್‌ಕೂಲರ್.
ಅಗಲ ಕೊಳವೆಯ ಎಕ್ಸಾಸ್ಟ್.
ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಟ್ಯೂನ್.
ಗೇರು ಬದಲಿಸುವಾಗ ಛಿಸ್ಸ್ ಎನ್ನುವ ಆ ವಾಲ್ವು.
ಯಾಕೆಂದು ಕೇಳಬೇಡಿ,
ನಲವತ್ತೊಂದರ ಹೆಂಗಸಿಗೂ ಒಂದಿಷ್ಟು ಛಿಸ್ಸ್ ಬೇಕಾಗುತ್ತದೆ.

ಪೋರ್ಟ್ ಕೆಂಬ್ಲಾ. ಉಕ್ಕಿನ ಕಾರ್ಖಾನೆಗೆ ಬೆನ್ನು ಹಾಕಿ ಕೂತ ಶೆಡ್ಡು.
ಬ್ಲಾಗೋಯ ಪಟ್ಟಿ ಓದಲಿಲ್ಲ.
ಕುಕ್ಕರಗಾಲಲ್ಲಿ ಕೂತು ಮುಂದಿನ ಟೈರಿನ ಮೇಲೆ ಹೆಬ್ಬೆರಳು ಆಡಿಸಿದ,
ಕೂಸಿನ ವಸಡಿನಲ್ಲಿ ಹಲ್ಲು ಹುಡುಕುವವರ ಹಾಗೆ.
ಹಲ್ಲಿರಲಿಲ್ಲ.

"ದಿನಾ ಎಲ್ಲಿಗೆ?"
"ಕ್ಯಾಂಬೆಲ್‌ಟೌನ್ ಆಸ್ಪತ್ರೆ. ರಾತ್ರಿ ಪಾಳಿ. ಔಸ್ಲಿ ಏರು ಹತ್ತಿ."
"ಹತ್ತೋದಿರಲಿ," ಅಂದ. "ಇಳಿಯೋದು?"

ಹತ್ತುವುದರ ಬಗ್ಗೆಯಾದರೆ ಒಂದು ಗಂಟೆ ಮಾತಾಡಬಲ್ಲೆ.
ಎಡಗಡೆ ಕಲ್ಲಿದ್ದಲ ಲಾರಿಗಳು ಬಸುರಿಯರಂತೆ ಉಸ್ಸೆನ್ನುತ್ತಿರುತ್ತವೆ,
ನಾನು ಕಾಲೂರುತ್ತೇನೆ,
ಒಂದು ಮಾತ್ರೆಯ ಕಾಲ ಏನೂ ಆಗುವುದಿಲ್ಲ,
ಬರೀ ದೂರದ ಒಂದು ಸಿಳ್ಳು,
ಆಮೇಲೆ ಬೆನ್ನಿಗೆ ಯಾರೋ ಅಂಗೈ ಇಟ್ಟು ನೂಕಿದ ಹಾಗೆ.
ತಾನು ಹೊರಬಿಟ್ಟ ಹೊಗೆಯಿಂದಲೇ ಚಕ್ರ ತಿರುಗಿಸಿಕೊಂಡು
ಹೊಸ ಗಾಳಿಯನ್ನು ಎದೆಗೆ ತುಂಬಿಕೊಳ್ಳುವ ಯಂತ್ರ.
ದಂಡವಾದದ್ದು ದಂಡವಾಗದ ಜಾಗ
ನನ್ನ ದಿನದಲ್ಲಿ ಅದೊಂದೇ.

ಇಳಿಯುವುದನ್ನು ಹೇಳಿರಲಿಲ್ಲ. ಯಾರಿಗೂ.

ಜೂನ್ ತಿಂಗಳ ಒಂದು ಬೆಳಿಗ್ಗೆ, ಮಂಜು.
ಪಕ್ಕದಲ್ಲಿ ಮಾರಿಸೆಲ್, ಕೊರಳಲ್ಲಿ ಇನ್ನೂ ಆಸ್ಪತ್ರೆಯ ಬಿಲ್ಲೆ,
ಬಾಯಿ ಅರ್ಧ ತೆರೆದ ನಿದ್ದೆ.
ಕೆಳಗೆ ಸಮುದ್ರ ಇರಬೇಕಾದ ಕಡೆ ಬೂದಿ.
ಮುಂದೆ ಲಾರಿಯ ಕೆಂಪು ದೀಪಗಳು ತಟ್ಟನೆ ದೊಡ್ಡವಾದವು.
ಕಾಲಡಿಯ ಬ್ರೇಕು
ನೆನೆದ ಅವಲಕ್ಕಿಯಂತೆ ಮೆತ್ತಗೆ ಒಳಗೆ ಹೋಯಿತು.
ಸುಟ್ಟ ವಾಸನೆ.
ಎಷ್ಟು ದೂರದಲ್ಲಿ ನಿಂತೆ ಎಂದರೆ,
ಲಾರಿಯ ಹಿಂಬದಿಯ ಧೂಳಿನಲ್ಲಿ ಯಾರೋ ಬೆರಳಲ್ಲಿ ಬರೆದ
'ತೊಳಿ ನನ್ನ' ಎಂಬುದರ ಕೆಳಗಿನ ಚಿಕ್ಕ ಸಹಿಯನ್ನೂ ಓದಬಹುದಿತ್ತು.
ಮಾರಿಸೆಲ್ ಕಣ್ಣು ಬಿಡದೆ ಕೇಳಿದಳು, "ಮನೆ ಬಂತಾ?"
"ಇನ್ನೂ ಇಲ್ಲ. ಮಲಕ್ಕೋ."

ಬ್ಲಾಗೋಯ ಎದ್ದು ಕೈ ಒರೆಸಿಕೊಂಡ.
"ದುಡ್ಡೆಷ್ಟಿದೆ?"
ಬಾಡಿಗೆ ಕಳೆದು ಸಾವಿರದ ನಾನೂರು ಡಾಲರ್.
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ,
ಎಂದು ಮ್ಯಾಸಿಡೋನಿಯಾದವನಿಗೆ ಹೇಗೆ ಹೇಳಲಿ?
ಹೇಳಬೇಕಾಗಲಿಲ್ಲ. ಅವರ ಭಾಷೆಯಲ್ಲೂ ಅಂಥದ್ದೇನೋ ಇದೆ,
ಅದರಲ್ಲಿ ಒಂದು ಕತ್ತೆ ಬರುತ್ತದೆ,
ಮಿಕ್ಕಿದ್ದು ನನಗೆ ತಿಳಿಯಲಿಲ್ಲ.

ಆ ಮೂಲೆಯಲ್ಲಿ ಯಾರದೋ ಹುಡುಗನ ಕಾರು, ಅಗಲ ಕೊಳವೆಯದು.
ಕೀಲಿ ತಿರುಗಿಸಿ ತೋರಿಸಿದ.
ಶೆಡ್ಡಿನ ತಗಡೆಲ್ಲ ಝುಮ್ಮೆಂದು ನಡುಗಿತು.
ಒಳ್ಳೆಯ ಸದ್ದು. ನಿಜಕ್ಕೂ.
ಆದರೆ ಐವತ್ತು ನಿಮಿಷದ ಆ ದಾರಿ
ಮಾರಿಸೆಲ್‌ಗೆ ಮನೆಯಲ್ಲಿ ಮೂರು ಮಕ್ಕಳು ಏಳುವ ಮುಂಚಿನ
ಇಡೀ ರಾತ್ರಿ.
ನಾನೇ ಪೆನ್ನು ತೆಗೆದು ಎರಡನೇ ಸಾಲು ಹೊಡೆದುಹಾಕಿದೆ.

ಬ್ರೇಕ್ ಪ್ಯಾಡು, ಬ್ರೇಕ್ ಎಣ್ಣೆ, ನಾಲ್ಕು ಟೈರು,
ಬಿರುಕು ಬಿಟ್ಟ ಒಂದು ರಬ್ಬರ್ ಕೊಳವೆ.
ಫೋಟೋ ತೆಗೆದು ತೋರಿಸುವಂಥದ್ದು ಒಂದೂ ಇಲ್ಲ.
ಇಂಟರ್‌ಕೂಲರ್ ಮಾರ್ಚಿಗೆ, ದೇವರು ಮತ್ತು ಓವರ್‌ಟೈಮು ಒಪ್ಪಿದರೆ.

ಈಗ ಬೆಳಿಗ್ಗೆ ಇಳಿಯುವಾಗ ಪೆಡಲು ಕಲ್ಲಿನಂತೆ ಎದುರು ನಿಲ್ಲುತ್ತದೆ.
ಅವಳಿಗೆ ಗೊತ್ತಿಲ್ಲ. ಗೊರಕೆ ಹೊಡೆಯುತ್ತಾಳೆ.

ಸಂಜೆ ಹತ್ತುವಾಗ ಮಾತ್ರ,
ಲಾರಿಗಳು ಹಿಂದೆ ಬಿದ್ದು ಮೂರರಿಂದ ನಾಲ್ಕಕ್ಕೆ ಗೇರು ಹಾಕುವಾಗ,
ಹಲ್ಲಿನ ಸಂದಿನಿಂದ ನಾನೇ ಮೆಲ್ಲಗೆ
ಛಿಸ್ಸ್.

ಮಾರಿಸೆಲ್ ಕಿತ್ತಳೆ ಸುಲಿಯುತ್ತ, ತಲೆ ಎತ್ತದೆ,
"ಹೊಸದಾ?" ಅಂದಳು,
ಒಂದು ತೊಳೆ ನನ್ನ ಬಾಯಿಗೆ ಇಟ್ಟಳು.