ಮೂವತ್ತಾರು ಕಡ್ಡಿ

ರೂವಿಯ ಹಿಂಬೀದಿ, ಶೇರ್ ಜಮಾನನ ಅಂಗಡಿ.
ಸೈಕಲ್ಲುಗಳು ಬಾವಲಿಯ ಹಾಗೆ ತಲೆಕೆಳಗಾಗಿ ತೂಗುತ್ತವೆ.
ಒಂದನ್ನು ಕಿರುಬೆರಳಲ್ಲೇ ಎತ್ತಿ ತೋರಿಸಿದ:
ಕಾರ್ಬನ್ನು, ಏಳೂವರೆ ಕಿಲೋ, ಸಾವಿರದಿನ್ನೂರು ರಿಯಾಲು.
ನನ್ನ ಏಳು ತಿಂಗಳ ಸಂಬಳ.
ಎಲ್ಲಿಗೆ, ಅಂದ.
ಸಲಾಲಕ್ಕೆ.
ಬೆರಳು ಮೆಲ್ಲಗೆ ಕೆಳಗಿಳಿಯಿತು.

‘ಹೈಮಾ ದಾಟಿದ ಮೇಲೆ ಇದು ಸೀಳಿದರೆ
ಪಕ್ಕದಲ್ಲಿ ಕೂತು ಅಳಬೇಕಷ್ಟೆ.
ಉಕ್ಕು ತಗೋ. ಲಾರಿ ಬೆಸೆಯುವವನೂ ಹಚ್ಚಿಕೊಡುತ್ತಾನೆ.
ಮುರಿಯುವ ಮೊದಲು ಅದು
ಎರಡು ದಿನ ಕಿರುಗುಟ್ಟಿ ಹೇಳುತ್ತದೆ.’

ಹೇಳಿ ಮುರಿಯುವಂಥದ್ದೇ ಬೇಕು ನನಗೆ.
ಹದಿನೆಂಟು ವರ್ಷ ಕಾರ್ಗೋ ಶೆಡ್ಡಿನ ತಕ್ಕಡಿಯ ಮುಂದೆ ನಿಂತವನು,
ಹೇಳದೆ ಮುರಿದವರ ಉದ್ದನೆಯ ಪೆಟ್ಟಿಗೆಗಳನ್ನೂ
ತೂಗಿ, ಚೀಟಿ ಅಂಟಿಸಿ, ಕಳಿಸಿದ್ದೇನೆ.

ಕೊನೆಗೆ ಮೂಲೆಯಲ್ಲಿ ಸಿಕ್ಕಿದ್ದು ಪಾಚಿಬಣ್ಣದ ಒಂದು:
ಯಾವನೋ ಡಚ್ಚಿನವ ಕೆಲಸ ಬಿಟ್ಟು ಹೋಗುವಾಗ ಬಿಟ್ಟದ್ದು.
ಚರ್ಮದ ಸೀಟಿನಲ್ಲಿ ಅವನ ಮೂಳೆಗಳ ಎರಡು ಕುಳಿ.
ನನ್ನವು ಅಲ್ಲಿ ಕೂರುವುದಿಲ್ಲ,
ಒಂದು ಒಳಗೆ, ಒಂದು ದಡದಲ್ಲಿ.
ಐನೂರು ಕಿಲೋಮೀಟರಿಗೆ ಚರ್ಮ ಒಪ್ಪುತ್ತದಂತೆ.
ಅಲ್ಲಿಯವರೆಗೆ ನಾನು ಒಪ್ಪಬೇಕು.

ಗಾಲಿ ಇಪ್ಪತ್ತಾರು ಇಂಚಿನದೇ ಇರಲಿ,
ಆದಮ್‌ನ ಹುಡುಗರು ಓಡಿಸುವುದೂ ಅದನ್ನೇ,
ಟಯರು ಕಿರಾಣಿ ಅಂಗಡಿಯಲ್ಲೂ ನೇತಾಡುತ್ತಿರುತ್ತದೆ.
ಗಾಲಿಗೆ ಮೂವತ್ತಾರು ಕಡ್ಡಿ. ಕಡಿಮೆ ಬೇಡ.
ಶೇರ್ ಜಮಾನ್ ಒಂದೊಂದನ್ನೇ ಉಗುರಲ್ಲಿ ಮೀಟಿದ,
ಟಿಣ್, ಟಿಣ್, ಟಿಣ್, ಟಪ್.
ಆ ಟಪ್ ಅಂದದ್ದಕ್ಕೆ ಕಾಲು ಸುತ್ತು.
ಮತ್ತೆ ಮೀಟಿದ. ಮತ್ತೆ ಟಪ್.

ರಾತ್ರಿ ಕೋಣೆಯಲ್ಲಿ ನನ್ನ ಲಗೇಜಿಗೆ ನನ್ನದೇ ತಕ್ಕಡಿ.
ಡೇರೆ, ಒಂದು ಕಿಲೋ ಒಂಬೈನೂರು.
ಟ್ಯೂಬು ನಾಲ್ಕು, ಏಕೆಂದರೆ ಸಮುರ್ ಮರದ ಮುಳ್ಳಿಗೆ ದಯೆ ಇಲ್ಲ.
ಸ್ಟವ್ ಬೇಕೇ? ಬೇಡ. ಚಹಾ? ಹಾಗಾದರೆ ಬೇಕು.
ಹಲ್ಲುಜ್ಜುವ ಬ್ರಶ್ಶಿನ ಹಿಡಿ ಅರ್ಧ ಕತ್ತರಿಸಿದೆ:
ಉಳಿದದ್ದು ಆರು ಗ್ರಾಂ.
ಲುಂಗಿ ಒಂದೇ; ಒರೆಸಲು, ಹೊದೆಯಲು, ನೆರಳಿಗೆ ಕಟ್ಟಲು.
ಒಣ ಸಿಗಡಿ ಚಟ್ನಿ ನೂರೆಂಬತ್ತು ಗ್ರಾಂ, ತೆಗೆದಿಟ್ಟೆ.
ಕಾಲುಗಂಟೆ ಅದನ್ನೇ ನೋಡುತ್ತ ಕೂತಿದ್ದು
ಮತ್ತೆ ಒಳಗಿಟ್ಟೆ.
ನೀರು ಹತ್ತು ಲೀಟರು. ಅದರಲ್ಲಿ ಚೌಕಾಸಿ ಇಲ್ಲ.
ಏರಿನಲ್ಲಿ ಬೈದುಕೊಂಡೇ ಹೊತ್ತರೂ
ಕುಡಿದಷ್ಟೂ ಹಗುರಾಗುವ ಸಾಮಾನು ಅದು.

‘ಬಸ್ಸು ಎಂಟು ರಿಯಾಲು, ಒಂದೇ ರಾತ್ರಿ, ಏಸಿ,’
ಮೇಲಿನ ಮಂಚದಿಂದ ರಜೀನ್.
ಉತ್ತರ ಹೇಳಲಿಲ್ಲ. ಇರಲೂ ಇಲ್ಲ.
ಈ ದೇಶದಲ್ಲಿ ನನಗೆ ಗೊತ್ತಿರುವ ದಾರಿ
ಶೆಡ್ಡಿನಿಂದ ಕೋಣೆಗೆ, ಕಂಪನಿ ವ್ಯಾನಿನ ಪರದೆಯೊಳಗೆ
ಹದಿಮೂರು ಕಿಲೋಮೀಟರು.

ಶುಕ್ರವಾರ ಎಲ್ಲ ಕಟ್ಟಿಕೊಂಡು ಹಮ್ರಿಯಾದ ಏರು ಹತ್ತಿಸಿದೆ.
ಇಳಿಜಾರಿನಲ್ಲಿ ಹ್ಯಾಂಡಲ್ಲು ಜ್ವರ ಬಂದವರ ಕೈಯಂತೆ ನಡುಗಿ
ಮುನಿಸಿಪಾಲಿಟಿಯ ಕಸದ ಡಬ್ಬಿಯನ್ನು ತಬ್ಬಿಕೊಂಡು ನಿಂತೆ.
ಮೊಣಕಾಲು ತರಚಿತ್ತು. ಸ್ಟವ್ ನೆಟ್ಟಗಿತ್ತು.
ಶೇರ್ ಜಮಾನ್ ಬೈದ:
‘ಎಲ್ಲವನ್ನೂ ಹಿಂದೆ ಹೇರಿದರೆ
ಮುಂದಿನ ಗಾಲಿ ನೆಲ ಕಚ್ಚುತ್ತದೇನು?’
ನೀರು ಮುಂದಕ್ಕೆ ಬಂತು, ಅಕ್ಕಿ ಮುಂದಕ್ಕೆ ಬಂತು.
ಚಟ್ನಿ ಹ್ಯಾಂಡಲ್ಲಿನ ಚೀಲಕ್ಕೆ, ಕೈಗೆ ಸಿಗುವಲ್ಲಿ.

‘ಜನವರಿಯಲ್ಲಿ ಹೊರಡು,’ ಅಂದರು
ಪಂಪು ಕೊಳ್ಳಲು ಬಂದಿದ್ದ ಮುದುಕ ಖಲ್ಫಾನ್,
ಕಂದೂರಾ ಎತ್ತಿ ಹಳೆಯ ಗಾಯ ತೋರಿಸುತ್ತ,
‘ಬಡಗಣ ಗಾಳಿ ಬೆನ್ನಿಗಿರುತ್ತದೆ.’
ಆಮೇಲೆ ಸ್ವಲ್ಪ ಯೋಚಿಸಿ,
‘ಸಾಮಾನ್ಯವಾಗಿ.’

ಹೊರಡುವ ಹಿಂದಿನ ಸಂಜೆ ಇನ್ನೊಮ್ಮೆ ಮೀಟಿದೆವು.
ಟಿಣ್, ಟಿಣ್, ಟಿಣ್.
ಆ ಒಂದು ಇನ್ನೂ ಟಪ್ ಅನ್ನುತ್ತಿದೆ.
‘ಆದಮ್ ಮುಟ್ಟುವಷ್ಟರಲ್ಲಿ ಹೊಂದಿಕೊಳ್ಳುತ್ತದೆ.
ಇಲ್ಲಾ, ಮುರಿಯುತ್ತದೆ.’
ಮೂರು ಹೊಸ ಕಡ್ಡಿ ಆರಿಸಿ, ನನ್ನ ಕಣ್ಣಳತೆ ನಂಬದೆ
ತಾನೇ ಅಳೆದು, ಫ್ರೇಮಿಗೆ ಟೇಪು ಸುತ್ತಿ ಕಟ್ಟಿದ.
ಅಪ್ಪಿಕೊಂಡ. ದುವಾ ಹೇಳಿದ.
ಆಮೇಲೆ ಕಡ್ಡಿಗೆ ನೂರು ಬೈಸೆಯಂತೆ
ಮುನ್ನೂರು
ಎಣಿಸಿ ತೆಗೆದುಕೊಂಡ.