ತೂಗು

ಗ್ರಿಮ್ಸ್‌ಬಿ ಬಂದರಿನಲ್ಲಿ ಮೀನು ತೂಗುತ್ತಿದ್ದ ಕಬ್ಬಿಣದ ತಕ್ಕಡಿ
ಈಗ ಗಂಡಸರನ್ನು ತೂಗುತ್ತದೆ.
ಉಪ್ಪು ತಿಂದ ಹಲಗೆಯ ಸಂದಿಯಲ್ಲಿ
ಎರಡು ಮೀನಿನ ಹುರುಪೆ ಇನ್ನೂ ಮಿನುಗುತ್ತಿವೆ.
ವರ್ಷಕ್ಕೆರಡು ಸಲ ಬಂದು, ಮುದ್ರೆಯೊತ್ತಿದ ಬಟ್ಟುಗಳನ್ನಿಟ್ಟು
ಮುಳ್ಳು ನೆಟ್ಟಗಿದೆಯೇ ನೋಡಿ ಸಹಿ ಹಾಕುವುದು ನನ್ನ ಕೆಲಸ.
ಪಂದ್ಯದ ಹಿಂದಿನ ದಿನ ಮಾತ್ರ
ಕೆಲಸವಿಲ್ಲದೆಯೂ ಬರುತ್ತೇನೆ.

ಈ ಊರಲ್ಲಿ ಮನುಷ್ಯರ ತೂಕ ಕಲ್ಲಿನ ಲೆಕ್ಕ.
ಅಪ್ಪನ ಅಂಗಡಿಯಲ್ಲೂ ಕಲ್ಲೇ ಇತ್ತು,
ಬೆಲ್ಲಕ್ಕೆ, ಹುಣಸೆಗೆ.

ಹದಿನಾಲ್ಕು ಕಲ್ಲು, ಐದು ಪೌಂಡು: ರಸ್ ಹ್ಯಾವರ್‌ಕ್ರಾಫ್ಟ್.
ಗಡಿಯಿಂದ ಒಂದೇ ಪೌಂಡು ಮೇಲೆ,
ಅದೂ ಬೆಳಗಿನಿಂದ ಕುಡಿದ ನೀರು,
ಹೊಟ್ಟೆಯಲ್ಲಿ ಕುಲುಕುವುದು ನನಗೇ ಕೇಳಿಸಿತು.

ಹತ್ತೊಂಬತ್ತು ಕಲ್ಲು, ಹನ್ನೊಂದು: ಜಿಡೆ ಅಕಿನೋಲ.
ಹಲಗೆ ನರಳಿತು.
ಹೋದಲ್ಲೆಲ್ಲ ಬಾಗಿಲಿಗೆ ತಲೆ ತಗ್ಗಿಸಿ ತಗ್ಗಿಸಿ
ಅವನ ಕತ್ತಿಗೇ ಒಂದು ವಿನಯ ಬಂದುಬಿಟ್ಟಿತ್ತು.

ಹೆವಿವೇಟ್‌ಗೆ ನೆಲವಿದೆ, ಸೂರಿಲ್ಲ.
ಇಷ್ಟಕ್ಕಿಂತ ಹಗುರ ಬೇಡ ಎನ್ನುತ್ತದೆ ಕಾನೂನು,
ಇಷ್ಟಕ್ಕಿಂತ ಭಾರ ಬೇಡವೆಂದು
ಯಾರೂ ಹೇಳಿಲ್ಲ.

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂದೆ,
ರಸ್‌ನನ್ನು ತಯಾರು ಮಾಡಿದ ಮಾರೀನ್ ಪ್ಲಾಸ್ಕಿಟ್‌ಗೆ,
ನನಗೆ ಬಂದ ಇಂಗ್ಲಿಷಿನಲ್ಲಿ.
ಅರವತ್ತೆಂಟರ ಹೆಂಗಸು, ಹತ್ತಿ ಉಂಡೆ ಸುತ್ತುತ್ತಲೇ ಅಂದಳು:
"ನಿಮ್ಮ ಮೂರ್ತಿಯನ್ನು ಯಾರೂ
ಮೂರು ನಿಮಿಷ ತಬ್ಬಿಕೊಂಡು ನಿಲ್ಲಬೇಕಾಗಿಲ್ಲವಲ್ಲ."

ಮಾರನೆಯ ರಾತ್ರಿ, ಈಜುಕೊಳದ ಪಕ್ಕದ ಹಾಲು.
ಬಿಯರಿನ ಮೇಲೂ ಕ್ಲೋರಿನ್ ವಾಸನೆ.
ನಾಲ್ಕು ಸುತ್ತು ರಸ್‌ನದೇ.
ಒಳನುಗ್ಗಿ ಪಕ್ಕೆಗೆರಡು, ಗಲ್ಲಕ್ಕೊಂದು,
ಜಿಡೆ ತಿರುಗುವಷ್ಟರಲ್ಲಿ ಬೇರೆ ಮೂಲೆಯಲ್ಲಿ.
ಗಾತ್ರ ಏನು ಮಾಡೀತು, ಅಂದ ಪಕ್ಕದವನು.
ಹೂಂ ಎಂದೆ. ತಕ್ಕಡಿಯವನು ನಾನು,
ನಾನೂ ಹೂಂ ಎಂದೆ.

ಐದನೆಯದರಲ್ಲಿ ಜಿಡೆ ಹೊಡೆಯಲಿಲ್ಲ.
ಒರಗಿದ.
ಆ ಭಾರ ಮೊದಲು ರಸ್‌ನ ಕತ್ತಿಗೆ ಬಂತು,
ಕತ್ತಿನಿಂದ ಸೊಂಟಕ್ಕೆ,
ಸೊಂಟದಿಂದ ಮೀನಖಂಡಕ್ಕೆ ಇಳಿಯಿತು
ಸಾಲ ವಸೂಲಿಗೆ ಬಂದವನ ಹಾಗೆ,
ಅವಸರವಿಲ್ಲದೆ.

ನನ್ನ ಭಾಷೆಯಲ್ಲಿ ಮೂಟೆಯನ್ನೂ ತೂಗುತ್ತಾರೆ,
ತೊಟ್ಟಿಲನ್ನೂ ತೂಗುತ್ತಾರೆ.
ಅಂಟಿಕೊಂಡ ಇಬ್ಬರೂ ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ.
ಯಾವ ತೂಗು ಇದು, ತಿಳಿಯಲಿಲ್ಲ.
ರೆಫರಿ ಬಿಡಿಸುತ್ತಾನೆ, ಮತ್ತೆ ಒರಗುತ್ತಾನೆ,
ಬಿಡಿಸುತ್ತಾನೆ, ಮತ್ತೆ.
ಜನ ಉಸ್ಸೆಂದು ಸಿಳ್ಳೆ ಹಾಕಿದರು.

ಆರನೆಯ ಗಂಟೆಗೆ ರಸ್‌ನ ಕೈ ಎದ್ದವು,
ಕಾಲು ಏಳಲಿಲ್ಲ.
ಮಾರೀನ್ ಅವನ ಮಂಡಿಯ ಮೇಲೆ ಅಂಗೈ ಇಟ್ಟು ನೋಡಿದಳು,
ಹಿಟ್ಟಿನ ಹದ ನೋಡುವವರ ಹಾಗೆ,
ಆಮೇಲೆ ರೆಫರಿಯತ್ತ ತಲೆಯಾಡಿಸಿದಳು.

"ತೂಕದಿಂದ ಗೆದ್ದೆ ನೀನು" ಎಂದ ರಸ್, ಬಟ್ಟೆ ಬದಲಿಸುವಲ್ಲಿ.
ಜಿಡೆ ಬೂಟಿನ ದಾರ ಬಿಚ್ಚಲಾರದೆ ಕೂತಿದ್ದ.
"ತಂತ್ರವಲ್ಲ ಮಾರಾಯ.
ಬಿದ್ದುಹೋಗುತ್ತಿದ್ದೆ.
ನೀನು ಅಲ್ಲಿದ್ದೆ."

ಹಾಗಾದರೆ ತೂಕಕ್ಕೆ ಬೆಲೆಯಿದೆಯೋ ಇಲ್ಲವೋ?
ಮೂವತ್ತು ವರ್ಷ ಮುಳ್ಳು ನೋಡಿದವನನ್ನು ಕೇಳಬೇಡಿ.
ಎಷ್ಟು ಎಂಬುದನ್ನು ನಾನು ಕೂದಲೆಳೆಯಷ್ಟೂ ತಪ್ಪದೆ ಹೇಳಬಲ್ಲೆ.
ಯಾರ ಮೇಲೆ ಎಂಬುದಕ್ಕೆ
ನನ್ನ ಹತ್ತಿರ ಬಟ್ಟಿಲ್ಲ.

ಹನ್ನೊಂದು ಗಂಟೆ. ಕುರ್ಚಿ ಮಡಿಸುವ ಸದ್ದು.
ತಕ್ಕಡಿ ವ್ಯಾನಿಗೆ ಹೋಗಬೇಕು.
ಕೇಳುವ ಮೊದಲೇ ಒಂದು ತುದಿ ರಸ್ ಹಿಡಿದ,
ಇನ್ನೊಂದು ಜಿಡೆ.
ವಾಲಿಸಬೇಡಿ, ಮುಳ್ಳು ಕೆಡುತ್ತದೆ, ಎಂದೆ ಹಿಂದಿನಿಂದ.
ರಸ್‌ನ ಕಾಲು ಇನ್ನೂ ನಡುಗುತ್ತಿತ್ತು.
ಜಿಡೆ ಮಂಡಿ ಮಡಿಸಿ, ಬೆನ್ನು ಬಗ್ಗಿಸಿ
ರಸ್‌ನ ಎತ್ತರಕ್ಕಿಳಿದು
ಪುಟ್ಟ ಪುಟ್ಟ ಹೆಜ್ಜೆಯಲ್ಲಿ ನಡೆದ.

ಬಾಗಿಲು ಬಂತು.
ಬೇರೆಯಾಗಿ ತಲೆ ತಗ್ಗಿಸುವ ಕೆಲಸ
ಅವನಿಗೆ ಬೀಳಲಿಲ್ಲ.