ಕರ್ಮಕಾರರ ಮನೆ ಮದುವೆಗೆ ಹೋಗುವವರಿಗೆ

ಹಸಿದು ಹೋಗಬೇಡಿ.
ಲಗ್ನ ಇರುವುದು ರಾತ್ರಿ ಹನ್ನೊಂದೂವರೆಗೆ.
ಸೊರಬದ ಕೊನೆಯ ಬಸ್ಸು ಅಷ್ಟೊತ್ತಿಗೆ ಹೋಗಿರುತ್ತದೆ,
ಚೀಲದಲ್ಲೊಂದು ಹೊದಿಕೆ ಇರಲಿ.

ನನ್ನನ್ನು ಕರೆದದ್ದು ಟೋಪಿಯ ದೆಸೆಯಿಂದ.
ಶಿವಮೊಗ್ಗದ ಗಾಂಧಿ ಬಜಾರಿನ ಓಣಿಯಲ್ಲಿ, ಮಹಡಿ ಮೇಲೆ
ಮೂವತ್ತು ವರ್ಷದಿಂದ ಚಿನ್ನ ಕರಗಿಸುವ ನಿಮಾಯಿ ಕರ್ಮಕಾರ
ಬೈಕಿನ ಹಿಂದೆ ರಟ್ಟಿನ ಡಬ್ಬಿ ಕಟ್ಟಿಕೊಂಡು ನಮ್ಮನೆವರೆಗೆ ಬಂದ.
ಒಳಗೆ, ಹೌರಾದಿಂದ ರೈಲು ಹತ್ತಿದ ಮದುಮಗನ ಕಿರೀಟ,
ಯಾರದೋ ಟ್ರಂಕಿನಡಿ ಸಿಕ್ಕಿ
ಹಪ್ಪಳ.
‘ಟೊಪೊರ್ ಇಲ್ಲದೆ ಗಂಡು ಕೂರೋದಿಲ್ಲಮ್ಮಾ’ ಎಂದ,
ನಮ್ಮ ಕನ್ನಡವನ್ನೇ ಸ್ವಲ್ಪ ದುಂಡಗೆ ಮಾಡಿ.

ಚೂರೊಂದನ್ನು ಉಗುರಲ್ಲಿ ಒತ್ತಿ ನೋಡಿದೆ.
ಬೆಂಡು! ನಾನು ಸೊಂಟದುದ್ದ ನೀರಿಗಿಳಿದು
ಕೆರೆಯಿಂದ ಕಿತ್ತು ತರುವ, ಬಾಸಿಂಗಕ್ಕೆ ಸುಲಿಯುವ
ಅದೇ ಬೆಂಡು.
ಅವರೂರಲ್ಲಿ ಅದು ಶೋಲಾ.
ಮೂರು ರಾತ್ರಿ ಕೂತೆ. ನಮ್ಮ ಬಾಸಿಂಗ ಹಣೆಗೆ ಮುಗಿಯುತ್ತದೆ,
ಅವರದು ಅಲ್ಲಿ ಶುರುವಾಗಿ
ಮೇಲೆ, ಇನ್ನೂ ಮೇಲೆ.

ಛತ್ರದಲ್ಲಿ ಮೊದಲು ಮೀನು. ಗಾಬರಿಯಾಗಬೇಡಿ,
ಐದು ಕಿಲೋದ ರೋಹು ಕೆಂಪು ಸೀರೆ ಉಟ್ಟು, ನತ್ತು ಇಟ್ಟು
ತಟ್ಟೆಯಲ್ಲಿ ನಿಮಗಿಂತ ಮೊದಲೇ ಬಂದು ಮಲಗಿರುತ್ತದೆ.
ದಾವಣಗೆರೆಯ ಬೀಗರ ಉಡುಗೊರೆ ಅದು.
ತುಂಗೆಯದೋ ಎಂದೆ. ಭದ್ರಾ ಡ್ಯಾಮಿನದಂತೆ.

ಆಮೇಲೆ ಹೆಂಗಸರು ಉಲೂಲೂ ಎನ್ನುತ್ತಾರೆ.
ಅದು ಗಂಟಲಿನದಲ್ಲ, ನಾಲಗೆಯದು.
ಹೂವಿನ ದ್ಯಾವಮ್ಮ ಒಂದು ಕೈ ನೋಡೋಣವೆಂದು ಶುರುಮಾಡಿ
ಕೆಮ್ಮಿ ಕೆಮ್ಮಿ ಹೊರಗೆ ಹೋದಳು.

ಹೆಣ್ಣು ನಡೆದು ಬರುವುದಿಲ್ಲ.
ಮಣೆಯ ಮೇಲೆ ಕೂತು, ಎರಡು ವೀಳ್ಯದೆಲೆ ಮುಖಕ್ಕೆ ಹಿಡಿದು
ಅಣ್ಣತಮ್ಮಂದಿರ ಕೈಮೇಲೆ ತೇಲಿ ಬರಬೇಕು.
ಪಿಯಾಲಿಗೆ ಅಣ್ಣತಮ್ಮಂದಿರಿಲ್ಲ. ಹೊತ್ತವರು
ಅಂಗಡಿಯ ಹೂಗ್ಲಿ ಹುಡುಗರಿಬ್ಬರು, ಹೊಳೆಹೊನ್ನೂರಿನ ಸತೀಶ,
ಕೆಳಗಿನ ಟೈಲರ್ ಮಗ ಇಮ್ತಿಯಾಜ್.
ಗಂಡಿನ ಸುತ್ತ ಏಳು ಸುತ್ತು. ಐದನೆಯದಕ್ಕೆ
ಸತೀಶನ ಪಂಚೆ ಸಡಿಲವಾಗಿ
ಒಂದು ಕೈಲಿ ಪಂಚೆ, ಒಂದು ಕೈಲಿ ಮದುಮಗಳು.
ಎಲೆ ಮಾತ್ರ ಸರಿಯಲಿಲ್ಲ.
ನಮ್ಮಲ್ಲಿ ಅಂತರಪಟ ಹಿಡಿಯುವವರು ಬೇರೆ, ಬಿಡುವವರು ಬೇರೆ.
ಇಲ್ಲಿ ತನ್ನ ಪರದೆ ತನ್ನ ಕೈಯಲ್ಲೇ.
ಬಹಳ ಹೊತ್ತು ಅವಳು ತೆಗೆಯಲಿಲ್ಲ.
ತೆಗೆದಾಗ ಎಲ್ಲರೂ ಅವಳ ಕಣ್ಣು ನೋಡಿದರು.
ನಾನು ಟೊಪೊರ್ ನೋಡಿದೆ. ಕೂದಲೆಳೆಯಷ್ಟು ಓರೆ.

ತಾಯಿಯನ್ನು ಹುಡುಕಬೇಡಿ.
ಹೆತ್ತವಳು ಮದುವೆ ನೋಡಬಾರದು ಅವರಲ್ಲಿ.
ಶೆಫಾಲಿ ಪಾತ್ರೆ ಕೋಣೆಯಲ್ಲಿದ್ದಳು, ಕೊಳಗಗಳ ನಡುವೆ.
ಹೋಗಿ ಪಕ್ಕದಲ್ಲಿ ಕೂತೆ.
ಶಂಖ ಊದಿದಾಗಲೆಲ್ಲ ಕತ್ತೆತ್ತಿ
‘ಈಗ ಅರಳು ಬೆಂಕಿಗೆ,’
‘ಈಗ ಸಿಂಧೂರ’ ಎಂದು ನನಗೇ ಹೇಳಿದಳು.
‘ಟೋಪಿ ನಿಂತಿದೆಯಾ?’
ನಿಂತಿದೆ ಎಂದೆ.
ಓರೆಯ ಸುದ್ದಿ ಎತ್ತಲಿಲ್ಲ.

ಊಟದಲ್ಲಿ ಸಾಸಿವೆ ಮೂಗಿಗೇರುತ್ತದೆ, ನಿಧಾನ.
ಕೊನೆಗೆ ಮಣ್ಣಿನ ಕುಡಿಕೆಯಲ್ಲಿ ಕೆಂಪಗಿನ ಸಿಹಿಮೊಸರು.
ಮುಖ ಸಿಂಡರಿಸಬೇಡಿ, ಕುಡಿಕೆ ಬಿಸಾಡಬೇಡಿ.
ನನ್ನದರಲ್ಲಿ ಈಗ ಅಂಟು ಕಲಸುತ್ತೇನೆ.

ಹೊರಡುವ ಹೊತ್ತಿಗೆ
ಹುಡುಗಿ ಹಿಂದೆ ತಿರುಗದೆ ತಲೆಯ ಮೇಲಿಂದ ಅಕ್ಕಿ ಎಸೆಯುತ್ತಾಳೆ.
ತಾಯಿ ಸೆರಗೊಡ್ಡಿ ಹಿಡಿಯಬೇಕು.
‘ನಿಮ್ಮ ಋಣ ತೀರಿಸಿದೆ’ ಎಂದು ಮೂರು ಸಲ ಹೇಳಬೇಕು.
ಪಿಯಾಲಿ ಎರಡು ಸಲ ಹೇಳಿದಳು.
ಮೂರನೆಯದು ಶಂಖದಲ್ಲಿ ಮುಳುಗಿತೋ,
ಹೇಳಲೇ ಇಲ್ಲವೋ.
ಕಾರು ಸವಳಂಗ ರಸ್ತೆ ಹಿಡಿದ ಮೇಲೆ
ಗುಲಗಂಜಿ ತೂಕಕ್ಕೂ ಲೆಕ್ಕ ಇಡುವ ನಿಮಾಯಿ
ಕುಕ್ಕರುಗಾಲಲ್ಲಿ ಕೂತು, ಸೆರಗು ತಪ್ಪಿದ ಕಾಳುಗಳನ್ನು
ಒಂದೊಂದಾಗಿ ಆರಿಸಿದ.

ಎರಡನೆಯವಳದು ಮಾಘದಲ್ಲಂತೆ. ನಿಮ್ಮನ್ನೂ ಕರೆಯುತ್ತಾನೆ, ಹೋಗಿ.
ನನಗೀಗ ಉಳವಿಯವರ ಬಾಸಿಂಗ ಸೋಮವಾರಕ್ಕೆ ಕೊಡಬೇಕು.
ಹಣೆಯಷ್ಟಕ್ಕೆ ನಿಲ್ಲಿಸಬೇಕು.
ಕೈ ನೋಡಿದರೆ
ಮೇಲಕ್ಕೇ ಹೋಗುತ್ತದೆ.